ಧೋಬಿ ತಲಾವಿನಲ್ಲಿ ನಾದಪರೀಕ್ಷೆ

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ನಮ್ಮ ಸೀಮೆಯ ಜನರಿಗೆ ಮುಂಬಯಿಯ ಹೆಬ್ಬಾಗಿಲು. ದೊಡ್ಡ ಆಸ್ಪತ್ರೆಗೆ ಹೋಗುವವರು, ಸರಕಾರಿ ಕಚೇರಿಗಳಿಗೆ ಅರ್ಜಿ ಹೊತ್ತವರು, ನೌಕರಿಯ ಸಂದರ್ಶನಕ್ಕೆ ಹೊರಟ ಹುಡುಗರು, ಎಲ್ಲರೂ ಆ ಗಾಡಿಯಲ್ಲಿ ಒಂದು ರಾತ್ರಿ ಕಳೆದು ಬೆಳಗಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ನಾನೂ ಕಕ್ಷಿದಾರರ ಕಾಗದಪತ್ರಗಳ ಗಂಟನ್ನು ತಲೆದಿಂಬು ಮಾಡಿಕೊಂಡು ಎಷ್ಟೋ ಸಲ ಹೀಗೆ ಹೋಗಿದ್ದೇನೆ. ಕಳೆದ ಬೇಸಿಗೆ ರಜೆಯಲ್ಲಿ ಮಾತ್ರ ನನ್ನೊಡನೆ ಕಾಗದದ ಗಂಟು ಇರಲಿಲ್ಲ. ಕಪ್ಪು ಚೀಲದೊಳಗೆ ಒಂದು ಎಲೆಕ್ಟ್ರಿಕ್ ಗಿಟಾರು ಇತ್ತು. ಅದರ ಕೊರಳನ್ನು ತಬ್ಬಿಕೊಂಡು ಮೇಲಿನ ಬರ್ತಿನಲ್ಲಿ ಮಲಗಿದ ನನ್ನ ಮಗಳಿದ್ದಳು.

ಈ ಪ್ರವಾಸಕ್ಕೆ ಕಾರಣವಾದದ್ದು ನನ್ನದೇ ಒಂದು ತಪ್ಪು. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಮಗಳು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿದ್ದಳು. ಸೋದರಮಾವ ಕೊಟ್ಟ ಹಳೆಯ ಗಿಟಾರಿನ ಮೇಲೆ ಶಾಲೆಯ ಪ್ರಾರ್ಥನೆಯ ವಚನಗಳನ್ನೂ ನಾಲ್ಕಾರು ಭಾವಗೀತೆಗಳನ್ನೂ ತಾನೇ ಕೇಳಿ ಕೇಳಿ ಕೂಡಿಸಿಕೊಂಡಿದ್ದಳು. ಎಲೆಕ್ಟ್ರಿಕ್ ಗಿಟಾರಿಗೆ ತನ್ನಷ್ಟಕ್ಕೆ ದೊಡ್ಡ ದನಿಯಿಲ್ಲ. ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತದ ಸುರುಳಿ ವಿದ್ಯುತ್ತಾಗಿ ಮಾಡುತ್ತದೆ. ಆ ವಿದ್ಯುತ್ತು ವಯರಿನ ಮೂಲಕ ಆಂಪ್ಲಿಫಯರಿಗೆ ಹೋಗಿ ನಾದವಾಗಿ ಹೊರಬರುತ್ತದೆ. ಈ ದಾರಿಯ ನಡುವೆ, ನೆಲದ ಮೇಲೆ, ಅಂಗೈಯಗಲದ ಒಂದು ಲೋಹದ ಪೆಟ್ಟಿಗೆಯನ್ನು ಇಡುತ್ತಾರೆ. ಕಾಲಿನಿಂದ ಒತ್ತಿದರೆ ಅದು ನಾದದ ಬಣ್ಣವನ್ನು ಬದಲಿಸುತ್ತದೆ: ಕೆಲವು ಒರಟು ಮಾಡುತ್ತವೆ, ಕೆಲವು ಪ್ರತಿಧ್ವನಿ ಕೂಡಿಸುತ್ತವೆ, ಕೆಲವು ಅಲೆಯಂತೆ ತೂಗಿಸುತ್ತವೆ. ಇದಕ್ಕೆ ಎಫೆಕ್ಟ್ ಪೆಡಲ್ ಎಂದು ಹೆಸರು.

ಶಿಷ್ಯವೃತ್ತಿಯ ಹಣದಲ್ಲಿ ಉಳಿಸಿದ 2,500 ರೂಪಾಯಿಯಿಂದ ಅವಳು ಯಾರೋ ಬಳಸಿದ ಒಂದು ಪೆಡಲನ್ನು ತರಿಸಿಕೊಂಡಿದ್ದಳು. ಅದರೊಡನೆ ಅಡಾಪ್ಟರ್ ಬಂದಿರಲಿಲ್ಲ. ಮನೆಯಲ್ಲಿ ಇಂಟರ್ನೆಟ್ ಪೆಟ್ಟಿಗೆಯದೊಂದು ಹಳೆಯ ಅಡಾಪ್ಟರ್ ಬಿದ್ದಿತ್ತು. ಅದರ ಮೂತಿ ಪೆಡಲಿನ ತೂತಿಗೆ ಸರಿಯಾಗಿ ಕೂಡಿತು. ಕೂಡಿತೆಂಬುದನ್ನೇ ಪುರಾವೆಯೆಂದು ತಿಳಿದು ನಾನು ಗುಂಡಿ ಒತ್ತಿದೆ. ಕ್ಷಣದಲ್ಲಿ ಸುಟ್ಟ ವಾಸನೆ ಬಂತು. ಪೆಡಲಿಗೆ ಬೇಕಾದದ್ದು 9 ವೋಲ್ಟು, ನಾನು ಕೊಟ್ಟದ್ದು 12. ಅದಕ್ಕಿಂತ ದೊಡ್ಡ ತಪ್ಪೆಂದರೆ, ಆ ಪೆಡಲಿಗೆ ಮೂತಿಯ ನಡುಭಾಗ ಋಣವಾಗಿರಬೇಕಿತ್ತು, ನನ್ನ ಅಡಾಪ್ಟರಿನಲ್ಲಿ ಅದು ಧನವಾಗಿತ್ತು. ಪೆಡಲಿನ ಬೆನ್ನ ಮೇಲೆ ಒಂದು ಪುಟ್ಟ ಚಿತ್ರದಲ್ಲಿ ಇದೆಲ್ಲವೂ ಅಚ್ಚಾಗಿತ್ತು. ಓದದೆ ಸಹಿ ಹಾಕಬೇಡಿರೆಂದು ದಿನವೂ ಹತ್ತು ಜನರಿಗೆ ಬುದ್ಧಿ ಹೇಳುವ ವಕೀಲನು ಎರಡು ಗೆರೆಯ ಚಿತ್ರವನ್ನು ಓದಿರಲಿಲ್ಲ. ಮಗಳು ಅಳಲಿಲ್ಲ, ಸಿಟ್ಟಾಗಲಿಲ್ಲ. “ಹೋಗ್ಲಿ ಬಿಡಪ್ಪಾ” ಎಂದು ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟಳು. ಸಿಟ್ಟಾಗಿದ್ದರೆ ನನಗೆ ಹಗುರವೆನಿಸುತ್ತಿತ್ತು.

ಹೊಸದನ್ನು ಕೊಡಿಸುತ್ತೇನೆ, ಆದರೆ ನಾವೇ ಹೋಗಿ ಬಾರಿಸಿ ನೋಡಿ ತರೋಣ ಎಂದು ಮಾತು ಕೊಟ್ಟದ್ದು ಆ ದಿನವೇ.

ನಿಲ್ದಾಣದಿಂದ ಹೊರಬಂದಾಗ ಮುಂಬಯಿ ಆಗಷ್ಟೇ ಕಣ್ಣುಜ್ಜಿಕೊಳ್ಳುತ್ತಿತ್ತು. ಮಹಾನಗರಪಾಲಿಕೆಯ ಕಲ್ಲಿನ ಕಟ್ಟಡದ ಪಕ್ಕದಿಂದ ಹೊರಡುವ ಮಹಾಪಾಲಿಕಾ ಮಾರ್ಗವು ಧೋಬಿ ತಲಾವಿಗೆ ನೇರ ದಾರಿ. ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಒಂದು ಬದಿಗೆ ಆಜಾದ್ ಮೈದಾನ, ಅಷ್ಟು ಹೊತ್ತಿಗೇ ಕ್ರಿಕೆಟ್ ಆಡುವ ಹುಡುಗರು. ಇನ್ನೊಂದು ಬದಿಗೆ ಕಾಮಾ ಆಸ್ಪತ್ರೆ, ಜನರು ಕಿಲ್ಲಾ ಕೋರ್ಟ್ ಎಂದು ಕರೆಯುವ ಎಸ್ಪ್ಲನೇಡ್ ನ್ಯಾಯಾಲಯ, 1869ರಲ್ಲಿ ಸ್ಥಾಪನೆಯಾದ ಸೇಂಟ್ ಝೇವಿಯರ್ಸ್ ಕಾಲೇಜು. ನ್ಯಾಯಾಲಯದ ಮುಂದೆ ನನ್ನ ಕಾಲು ತಾನಾಗಿ ನಿಧಾನವಾಯಿತು. “ಅಪ್ಪಾ, ಇವತ್ತ ನಿನ್ನ ಕೋರ್ಟ್ ಅಲ್ಲ” ಎಂದು ಮಗಳು ಕೈಹಿಡಿದು ಎಳೆದಳು.

ಈ ದಾರಿಯ ಬೆನ್ನಿಗಿರುವ ಕೋಟೆ ಪ್ರದೇಶ ಮುಂಬಯಿ ಕನ್ನಡಿಗರಿಗೆ ಹಳೆಯ ನೆಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಸಂಜೆಗೆ ಕೈ ತೊಳೆದು ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದ ಊರಿದು. ಆ ಕತೆಯನ್ನು ಮಗಳಿಗೆ ಹೇಳುತ್ತ ನಡೆದೆ. ಬೆನ್ನ ಮೇಲಿನ ಗಿಟಾರನ್ನು ಒಮ್ಮೆ ಸರಿಪಡಿಸಿಕೊಂಡು, “ಅವರಿಗೂ ಅಂಜಿಕಿ ಬರ್ತಿತ್ತೇನು?” ಎಂದು ಕೇಳಿದಳು. ಆ ಪ್ರಶ್ನೆ ಯಾಕೆ ಬಂತೆಂದು ನನಗೆ ಆಗ ಹೊಳೆಯಲಿಲ್ಲ.

ಧೋಬಿ ತಲಾವಿನಲ್ಲಿ ಈಗ ತಲಾವೂ ಇಲ್ಲ, ಧೋಬಿಗಳೂ ಇಲ್ಲ. ಅಗಸರು ಬಟ್ಟೆ ಒಗೆಯುತ್ತಿದ್ದ ಕೆರೆಯನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ನಿಂತಿದೆ. 1938ರಲ್ಲಿ ತೆರೆದ ಮೆಟ್ರೋ ಚಿತ್ರಮಂದಿರದ ಎದುರಿನ ಕೂಡುರಸ್ತೆಯಲ್ಲಿ ಜೇರ್ ಮಹಲ್ ಎಂಬ ಹಳೆಯ ಕಟ್ಟಡವಿದೆ. ಗೋವೆಯ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಬಂದವರು ತಮ್ಮ ತಮ್ಮ ಊರಿನ ಹೆಸರಿನಲ್ಲಿ ನಡೆಸಿದ ‘ಕೂಡ್’ಗಳು, ಎಂದರೆ ಊರವರ ಸಮೂಹ ವಸತಿಗಳು, ಇಲ್ಲಿ ಇದ್ದವು. ಹಡಗಿನ ನೌಕರರು, ಅಡುಗೆಯವರು, ಸಂಗೀತಗಾರರು ಅಲ್ಲಿ ಒಂದು ಪೆಟ್ಟಿಗೆ ಇಡುವಷ್ಟು ಜಾಗದಲ್ಲಿ ಬಾಳಿದರು. ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತ ಗೋವೆಯ ವಾದಕರು ಹಿಂದಿ ಚಿತ್ರಗೀತೆಗಳ ವಾದ್ಯವೃಂದಕ್ಕೆ ಬೆನ್ನೆಲುಬಾದರು. ‘ಅಮರ್ ಅಕ್ಬರ್ ಆಂಥನಿ’ಯ ಹಾಡಿನಲ್ಲಿ ಬರುವ ಆಂಥನಿ ಗೊನ್ಸಾಲ್ವಿಸ್ ಎಂಬ ಹೆಸರು ನಿಜವಾದ ಒಬ್ಬ ಗೋವೆಯ ವಯಲಿನ್ ವಾದಕರದು, ಸಂಗೀತ ನಿರ್ದೇಶಕ ಪ್ಯಾರೇಲಾಲರು ತಮ್ಮ ಗುರುವಿಗೆ ಸಲ್ಲಿಸಿದ ಗೌರವ ಅದು. ವಾದಕರಿದ್ದಲ್ಲಿ ವಾದ್ಯದ ಅಂಗಡಿಗಳು ಬರುವುದು ಸಹಜ. ಇಂದಿಗೂ ಈ ಕೂಡುರಸ್ತೆ ಮತ್ತು ಕಾಲಬಾದೇವಿಯ ಸುತ್ತ ಗಿಟಾರು, ವಯಲಿನ್, ಪಿಯಾನೋಗಳ ಅಂಗಡಿಗಳಿವೆ.

ಅಂಗಡಿಗಳು ತೆರೆಯಲು ಇನ್ನೂ ವೇಳೆಯಿತ್ತು. 1904ರಿಂದ ನಡೆಯುತ್ತಿರುವ ಕಯಾನಿ ಎಂಬ ಇರಾನಿ ಹೋಟೆಲಿನಲ್ಲಿ ಬೆಣ್ಣೆ ಸವರಿದ ಬನ್ನು ತಿಂದು ಚಹ ಕುಡಿದು ಹೊತ್ತು ಕಳೆದೆವು.

ನಾವು ಹೊಕ್ಕ ಅಂಗಡಿಯ ಹೆಸರು ಇಲ್ಲಿ ಬೇಕಿಲ್ಲ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ತುಂಬ ಗಿಟಾರುಗಳು, ಗಾಜಿನ ಕಪಾಟಿನಲ್ಲಿ ಕಿತ್ತಳೆ, ಹಳದಿ, ಹಸಿರು, ನೀಲಿ ಪೆಡಲುಗಳ ಸಾಲು. ಮೂಲೆಯಲ್ಲಿ ಇಬ್ಬರು ಕಾಲೇಜು ಹುಡುಗರು ಕಣ್ಣಿಗೆ ಕಾಣದಷ್ಟು ವೇಗವಾಗಿ ಬೆರಳಾಡಿಸುತ್ತ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ಮಗಳು ಬಾಗಿಲ ಬಳಿಯೇ ನಿಂತು ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ಅಪ್ಪಾ, ನಂಗ ಅವರಂಗ ಬಾರಸಾಕ ಬರೂದಿಲ್ಲ. ಆ ಕಿತ್ತಳಿ ಬಣ್ಣದ ಡಬ್ಬಿ ತಗೊಂಡು ಸುಮ್ನ ಹೋಗಿಬಿಡೂಣು.”

ಬೆಳಗಿನ ಅವಳ ಪ್ರಶ್ನೆ ಆಗ ಅರ್ಥವಾಯಿತು. ನನಗೂ ಒಂದು ಹಳೆಯ ದಿನ ನೆನಪಾಯಿತು. ಕನ್ನಡ ಶಾಲೆಯಲ್ಲಿ ಕಲಿತು ಎಲ್‌ಎಲ್‌ಬಿ ತರಗತಿಗೆ ಹೋದ ಮೊದಲ ವರ್ಷ, ತಿಳಿಯದ ಮಾತು ಬಂದಾಗಲೂ ಕೈಯೆತ್ತದೆ ಕೂತಿದ್ದೆ. ಪ್ರಶ್ನೆ ತಪ್ಪೆಂದಲ್ಲ, ನನ್ನ ಉಚ್ಚಾರ ಕೇಳಿ ಯಾರಾದರೂ ತಿರುಗಿ ನೋಡಿಯಾರು ಎಂದು. ಆಗ ಕೇಳದೆ ಬಿಟ್ಟದ್ದನ್ನು ಮುಂದೆ ಕಕ್ಷಿದಾರರ ಎದುರಿನಲ್ಲಿ ಕಲಿಯಬೇಕಾಯಿತು. ನಮ್ಮ ಮಕ್ಕಳು ಕನ್ನಡದ ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷುಗಳನ್ನೂ ಕಲಿಯುತ್ತಾರೆ; ನಾಲ್ಕು ಭಾಷೆ ಬಲ್ಲ ಮಗು ಗಾಜಿನ ಬಾಗಿಲ ಮುಂದೆ ಕುಗ್ಗಬೇಕಾದ ಕಾರಣವೇನು?

“ಯಾಕವ್ವಾ, ಜೋಳ ಕೊಳ್ಳುವಾಗ ಅಂಗೈಯಾಗ ಹಾಕ್ಕೊಂಡು ನೋಡೂದಿಲ್ಲೇನು? ಇದೂ ಹಂಗ” ಎಂದೆ. ಅವಳು ಮರಾಠಿಯಲ್ಲಿ, ತುಸು ತಗ್ಗಿದ ದನಿಯಲ್ಲಿ, ಪೆಡಲುಗಳನ್ನು ಬಾರಿಸಿ ನೋಡಬಹುದೇ ಎಂದು ಕೇಳಿದಳು. ನಡುವಯಸ್ಸಿನ ಮಾರಾಟಗಾರರು ಅವಳ ಬೆನ್ನ ಮೇಲಿನ ಚೀಲವನ್ನು ನೋಡಿ ಸಂತೋಷಪಟ್ಟರು. ಸ್ವಂತ ಗಿಟಾರು ತಂದದ್ದು ಒಳ್ಳೆಯದಾಯಿತು, ಅಂಗಡಿಯ ದುಬಾರಿ ಗಿಟಾರಿನಲ್ಲಿ ಯಾವ ಪೆಡಲೂ ಚೆನ್ನಾಗಿಯೇ ಕೇಳಿಸುತ್ತದೆ ಎಂದರು. ಮನೆಯಲ್ಲಿರುವುದು 10 ವ್ಯಾಟಿನ ಚಿಕ್ಕ ಆಂಪ್ಲಿಫಯರ್ ಎಂದು ತಿಳಿದಾಗ, ಅಲ್ಲಿದ್ದ ದೊಡ್ಡದನ್ನು ಬಿಟ್ಟು ಒಂದು ಚಿಕ್ಕದನ್ನೇ ಎಳೆದು ತಂದರು.

ಮುಂದಿನ ಒಂದು ಗಂಟೆಯ ಕ್ರಮವನ್ನು ಪಾಲಕರ ಅನುಕೂಲಕ್ಕಾಗಿ ತುಸು ವಿವರವಾಗಿಯೇ ಹೇಳುತ್ತೇನೆ.

ಮೊದಲು ಪೆಡಲೇ ಇಲ್ಲದೆ ಗಿಟಾರನ್ನು ನೇರವಾಗಿ ಆಂಪ್ಲಿಫಯರಿಗೆ ಜೋಡಿಸಿದರು. ಅದರ ಎಲ್ಲ ಅಲಂಕಾರಗಳನ್ನೂ ತೆಗೆದು ಸ್ವಚ್ಛವಾದ ನಾದವನ್ನು ಇಟ್ಟರು. “ಮನೆಯಲ್ಲಿ ಏನು ಬಾರಿಸುತ್ತೀಯೋ ಅದನ್ನೇ ಬಾರಿಸು” ಎಂದರು. ಮಗಳು ಸೊನ್ನಲಿಗೆಯ ಸಿದ್ಧರಾಮೇಶ್ವರರ ವಚನವೊಂದನ್ನು ಶಾಲೆಯ ಪ್ರಾರ್ಥನೆಯ ಧಾಟಿಯಲ್ಲಿ, ಬಹಳ ನಿಧಾನವಾಗಿ ಬಾರಿಸಿದಳು. ಮೂಲೆಯ ಹುಡುಗರು ತಿರುಗಿ ನೋಡಿದರು. ನಗಲಿಲ್ಲ, ಒಬ್ಬನು ತನ್ನ ಗಿಟಾರಿನ ದನಿಯನ್ನು ಕಡಿಮೆ ಮಾಡಿದನು. ಪರೀಕ್ಷೆಗೆ ಇಂಥ ವಿಳಂಬದ ಹಾಡೇ ಉತ್ತಮ ಎಂದು ಮಾರಾಟಗಾರರು ಹೇಳಿದರು. ವೇಗವಾಗಿ ಬಾರಿಸಿದರೆ ಒಂದು ಸ್ವರದ ದೋಷವನ್ನು ಮುಂದಿನ ಸ್ವರ ಮುಚ್ಚಿಬಿಡುತ್ತದೆ.

ಎರಡನೆಯದಾಗಿ, ಪೆಡಲನ್ನು ನಡುವೆ ಜೋಡಿಸಿ, ಆದರೆ ಆರಿಸಿಯೇ ಇಟ್ಟು, ಅದೇ ಧಾಟಿ. ಆರಿಸಿದ ಪೆಡಲು ನಾದಕ್ಕೆ ದಾರಿ ಬಿಟ್ಟು ಸುಮ್ಮನಿರಬೇಕು. ಕೆಲವು ಪೆಡಲುಗಳು ಆರಿದ್ದಾಗಲೂ ನಾದದ ಹೊಳಪನ್ನು ತುಸು ಕುಂದಿಸುತ್ತವೆ. ಅಂಥವನ್ನು ಇಲ್ಲಿಯೇ ಹಿಡಿಯಬೇಕು.

ಮೂರನೆಯದಾಗಿ, ಎಲ್ಲ ನಾಬುಗಳನ್ನೂ ನಡುವಿಗೆ ತಂದು ಪೆಡಲನ್ನು ಹಚ್ಚುವುದು. ಇಲ್ಲಿ ನಾನು ತಿಳಿಯದ ಒಂದು ಸೂಕ್ಷ್ಮವಿತ್ತು. ಕಿತ್ತಳೆಯ ಪೆಡಲನ್ನು ಒತ್ತಿದೊಡನೆ ನಾದ ಭೋರೆಂದು ಎದ್ದಿತು. ನಾನು “ಇದೇ ಛಲೋ ಐತಿ” ಎಂದುಬಿಟ್ಟೆ. ಮಾರಾಟಗಾರರು ನಕ್ಕು, ಪೆಡಲಿನ ದನಿಯನ್ನು ತಗ್ಗಿಸಿ, ಹಚ್ಚಿದಾಗಲೂ ಆರಿಸಿದಾಗಲೂ ಒಂದೇ ಎತ್ತರದಲ್ಲಿ ಕೇಳುವಂತೆ ಮಾಡಿದರು. ದೊಡ್ಡದಾಗಿ ಕೇಳಿಸಿದ್ದನ್ನು ಕಿವಿ ಚೆನ್ನಾಗಿದೆಯೆಂದು ತಪ್ಪಾಗಿ ತಿಳಿಯುತ್ತದೆ. ದನಿ ಸಮವಾದ ಮೇಲೆ ಉಳಿಯುವ ವ್ಯತ್ಯಾಸವಷ್ಟೇ ಪೆಡಲಿನ ನಿಜವಾದ ಕೆಲಸ. ಜೋರು ದನಿಯ ವಾದವನ್ನೇ ಗಟ್ಟಿ ವಾದವೆಂದು ಬಗೆಯುವ ಜನರನ್ನು ನ್ಯಾಯಾಲಯದಲ್ಲಿ ದಿನವೂ ಕಾಣುವ ನಾನೇ ಈ ಬಲೆಗೆ ಬಿದ್ದಿದ್ದೆ.

ಆಮೇಲೆ ಒಂದೊಂದೇ ನಾಬನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಕರಕರ ಸದ್ದು ಬರುವುದೋ ನೋಡಿದೆವು. ವಯರಿನ ಮೂತಿಯನ್ನು ಮೆಲ್ಲನೆ ಅಲುಗಿಸಿದೆವು. ಸಡಿಲವಿದ್ದರೆ ನಾದ ಕಡಿಯುತ್ತದೆ. ಗುಂಡಿಯನ್ನು ಕೈಯಿಂದಲ್ಲ, ಕಾಲಿನಿಂದಲೇ ಹತ್ತಾರು ಸಲ ಒತ್ತಿದಳು. ತಂತಿಗಳ ಮೇಲೆ ಅಂಗೈ ಇಟ್ಟು ಮೌನವಾಗಿಸಿ, ಪೆಡಲು ತಾನೇ ಎಷ್ಟು ಸುಯ್ಗುಡುತ್ತದೆ ಎಂದು ಕಿವಿಗೊಟ್ಟಳು. ಮೆಲ್ಲಗೆ ಮೀಟಿ, ಜೋರಾಗಿ ಮೀಟಿ, ಬೆರಳಿನ ಭೇದ ಕೇಳಿಸುವುದೋ ಎಂದು ನೋಡಿದಳು. ಒಂದೇ ತಂತಿ ಮೀಟಿ, ಬಳಿಕ ಆರೂ ತಂತಿ ಒಟ್ಟಿಗೆ ಮೀಟಿದಳು. ಒರಟು ಹೆಚ್ಚಾದರೆ ಒಂಟಿ ಸ್ವರ ಮೆರೆಯುತ್ತದೆ, ಕೂಡುಸ್ವರ ಕೆಸರಾಗುತ್ತದೆ.

ಪರೀಕ್ಷೆಗೆ ಇಟ್ಟದ್ದು ಜಪಾನಿನ ಬಾಸ್ ಕಂಪನಿಯ ಎರಡು ಪೆಡಲುಗಳು: 1978ರಿಂದ ಬರುತ್ತಿರುವ ಕಿತ್ತಳೆ ಬಣ್ಣದ ಡಿಎಸ್-1, ಮತ್ತು 1981ರಲ್ಲಿ ಬಂದ ಹಳದಿಯ ಎಸ್‌ಡಿ-1. ಮೊದಲನೆಯದರ ಒರಟು ಹೆಚ್ಚು, ಎರಡನೆಯದರದು ಮೃದು. ಅವುಗಳನ್ನು ಸರದಿಯಂತೆ ಬದಲಿಸುತ್ತಿದ್ದಾಗ ಮಾರಾಟಗಾರರು ಒಂದು ಕತೆ ಹೇಳಿದರು. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದು ಧ್ವನಿಮುದ್ರಣವಾಗುತ್ತಿದ್ದಾಗ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ಎಂಬ ವಾದಕರ ತಂತಿನಾದ ಹರಕಾಗಿ ಗೊರಗೊರ ಎಂದಿತು. ಆ ದೋಷವನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಜನರಿಗೆ ಅದು ಹಿಡಿಸಿತು. ಗ್ಲೆನ್ ಸ್ನಾಡಿ ಎಂಬ ತಂತ್ರಜ್ಞರು ಅದೇ ಸದ್ದನ್ನು ಬೇಕೆಂದಾಗ ಹುಟ್ಟಿಸುವ ಸಲಕರಣೆಯನ್ನು ರೂಪಿಸಿದರು. 1962ರಲ್ಲಿ ಅದು ‘ಮೇಸ್ಟ್ರೋ ಫಝ್-ಟೋನ್’ ಎಂಬ ಪೆಡಲಾಗಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಾಡೊಂದರಲ್ಲಿ ಕೇಳಿಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು.

ನಾದಕ್ಕೆ ಹರಕು ಸೇರಿಸಿ ಚೆಲುವಾಗಿಸುವ ಈ ವಿದ್ಯೆ ನಮಗೆ ಹೊಸದೇನಲ್ಲ ಎಂದು ನನಗೆ ಆಗ ಅನಿಸಿತು. ನಾನು ಹುಡುಗನಾಗಿದ್ದಾಗ ಅಜ್ಜನು ಭಜನೆಯ ತಂಬೂರಿ ಕೊಳ್ಳಲು ನನ್ನನ್ನು ಮಿರಜಕ್ಕೆ ಕರೆದೊಯ್ದಿದ್ದನು. ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮಣ್ಣಾದ ಆ ಊರಿನಲ್ಲಿ ತಂಬೂರಿ, ಸಿತಾರು ಮಾಡುವ ಮನೆತನಗಳು ತಲೆಮಾರುಗಳಿಂದ ಇವೆ. ಬುರುಡೆಗಳು ಪಂಢರಪುರ ಸೀಮೆಯ ಹೊಲಗಳಿಂದ ಹೋಗುತ್ತವೆ. ತಂಬೂರಿಯ ಕುದುರೆಯ ಮೇಲ್ಮೈ ತುಸು ಉಬ್ಬಿರುತ್ತದೆ. ತಂತಿಯ ಕೆಳಗೆ ಒಂದು ನೂಲೆಳೆಯನ್ನು ತಕ್ಕ ಜಾಗದಲ್ಲಿ ಸಿಕ್ಕಿಸಿದರೆ ತಂತಿಯು ಕುದುರೆಯನ್ನು ಸವರುತ್ತ ಝೇಂಕರಿಸುತ್ತದೆ. ಆ ಝೇಂಕಾರವನ್ನು ಜವಾರಿ ಎನ್ನುತ್ತಾರೆ. ಆ ನೂಲಿಗೆ ಜೀವಾಳವೆಂದೂ ಹೆಸರಿದೆ. ಅಜ್ಜನು ಮೊದಲು ಎಲ್ಲ ನೂಲುಗಳನ್ನೂ ತೆಗೆಸಿ, ಬರಿಯ ತಂತಿಯನ್ನು ಮೀಟಿಸಿ, ಕಣ್ಣು ಮುಚ್ಚಿ ಕೇಳಿದನು. ಆಮೇಲೆ ನೂಲು ಹಾಕಿಸಿದನು. “ಮೊದಲ ತಂತಿ ಖರೇ ಐತೇನು ನೋಡು, ಆಮ್ಯಾಲ ಜವಾರಿ ನೋಡು” ಎಂದು ನನಗೆ ಹೇಳಿದ್ದನು. ಕಾರ್ಖಾನೆಯಲ್ಲಿ ತಯಾರಾದ ಪೆಟ್ಟಿಗೆಯನ್ನು ಮಾರುವವರೂ, ಹಳ್ಳಿಯ ಭಜನೆಯ ಅಜ್ಜನೂ ಒಂದೇ ಕ್ರಮವನ್ನು ಹೇಳಿದ್ದರು.

ಮಗಳು ಊರಿನಿಂದಲೇ ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು ಕಿತ್ತಳೆಯ ಪೆಡಲು. ಬಾರಿಸಿದ ಮೇಲೆ ಅದರಲ್ಲಿ ಅವಳ ಧಾಟಿಯ ಮೀಂಡುಗಳು ಮುಳುಗಿಹೋಗುತ್ತಿದ್ದವು. ಹಳದಿಯದರಲ್ಲಿ ಸ್ವರವು ನೀಳವಾಗಿ ನಿಲ್ಲುತ್ತಿತ್ತು, ಬೆರಳು ಮೆಲ್ಲಗಾದರೆ ಅದೂ ಮೆಲ್ಲಗಾಗುತ್ತಿತ್ತು. “ಇದು, ಅಪ್ಪಾ. ಇದರಾಗ ನಂದ ಕೇಳಸ್ತದ” ಎಂದಳು. ಮೂಲೆಯ ಹುಡುಗರಿಗೆ ಬೇಕಾದದ್ದು ಕಿತ್ತಳೆಯದೇ ಇರಬಹುದು; ಅದು ಅವರ ಬೆರಳಿಗೆ ಸರಿ.

ಹಣ ಕೊಡುವ ಮುನ್ನ ನನ್ನ ವೃತ್ತಿಯ ಎರಡು ಮಾತು. ಸರಕು ಮಾರಾಟ ಕಾಯಿದೆ, 1930ರ 41ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಕೊಳ್ಳುವವನು ಕೇಳಿದಾಗ ಸರಕನ್ನು ಪರೀಕ್ಷಿಸಲು ತಕ್ಕ ಅವಕಾಶ ಕೊಡುವುದು ಮಾರುವವನ ಕರ್ತವ್ಯ. ಆದುದರಿಂದ ನೋಡಿ ಕೊಳ್ಳುತ್ತೇನೆ ಎನ್ನುವುದರಲ್ಲಿ ಸಂಕೋಚಪಡುವಂಥದು ಏನೂ ಇಲ್ಲ. ಅದೇ ಕಾಯಿದೆಯ 16ನೆಯ ಕಲಮು ಇನ್ನೊಂದು ಮಗ್ಗುಲನ್ನೂ ಹೇಳುತ್ತದೆ: ಪರೀಕ್ಷಿಸಿ ಕೊಂಡ ಮೇಲೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷವನ್ನು ಮುಂದೆ ಮಾಡಿ ಸರಕು ಯೋಗ್ಯವಲ್ಲವೆಂದು ಆ ಕಲಮಿನ ಆಸರೆ ಕೇಳಲಾಗದು. ಕೇಳುವ ಹಕ್ಕು ನಮ್ಮದು, ಗಮನವಿಟ್ಟು ಕೇಳುವ ಹೊಣೆಯೂ ನಮ್ಮದೇ. ಒಳಗಿನ, ಕಾಣದ ದೋಷಗಳ ಮಾತು ಬೇರೆ. ಅದಕ್ಕಾಗಿ ರಸೀದಿಯನ್ನೂ ಗ್ಯಾರಂಟಿ ಚೀಟಿಯನ್ನೂ ತಪ್ಪದೆ ಇಟ್ಟುಕೊಳ್ಳಬೇಕು. ಕಾರ್ಖಾನೆಯ ಮೊಹರಿನ ಹೊಸ ಪೆಟ್ಟಿಗೆ ಕೊಟ್ಟರೆ ಅದನ್ನೂ ಅಲ್ಲಿಯೇ ತೆರೆದು ಒಮ್ಮೆ ಬಾರಿಸಿ ನೋಡಬೇಕು. ಪರೀಕ್ಷಿಸಿದ್ದು ಒಂದು, ಮನೆಗೆ ಬಂದದ್ದು ಇನ್ನೊಂದು ಆಗಬಾರದು. ನಾವು ಹಾಗೆಯೇ ಮಾಡಿದೆವು.

ಅಡಾಪ್ಟರನ್ನು ಕೊಳ್ಳುವಾಗ ಮಗಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಓದಿದಳು: 9 ವೋಲ್ಟು, ನಡುಭಾಗ ಋಣ, ಪೆಡಲು ಬೇಡುವುದಕ್ಕಿಂತ ಕಡಿಮೆಯಲ್ಲದ ಮಿಲಿಆಂಪಿಯರು. ಬ್ಯಾಟರಿಯಿಂದಲೂ ಇದು ನಡೆಯುತ್ತದೆ. ಆದರೆ ಗಿಟಾರಿನ ವಯರು ಸಿಕ್ಕಿಸಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುವುದರಿಂದ, ಬಾರಿಸಿ ಮುಗಿದೊಡನೆ ವಯರನ್ನು ಕಿತ್ತಿಡಬೇಕೆಂದು ಮಾರಾಟಗಾರರು ಹೇಳಿಕೊಟ್ಟರು.

ಅಂದಿನ ರಾತ್ರಿಯ ಗಾಡಿಗೇ ಹೊರಟೆವು. ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆಯನ್ನು ನಾನು ಕೇಳಿ ಪಡೆದು, ದಾವೆಯ ಕಾಗದ ಓದುವಂತೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಮೇಲಿನ ಬರ್ತಿನಿಂದ ಮಗಳು ಒಮ್ಮೆ ಇಣುಕಿ ನೋಡಿ ನಕ್ಕಳು.

ಮರುದಿನ ಮನೆಯಲ್ಲಿ ಎಲ್ಲವನ್ನೂ ಜೋಡಿಸಿದಳು. ಗಿಟಾರಿನಿಂದ ಪೆಡಲಿಗೆ ಒಂದು ವಯರು, ಪೆಡಲಿನಿಂದ ಆಂಪ್ಲಿಫಯರಿಗೆ ಒಂದು. ಅಡಾಪ್ಟರಿನ ಮೇಲಿನ ಚಿತ್ರವನ್ನೂ ಪೆಡಲಿನ ಮೇಲಿನ ಚಿತ್ರವನ್ನೂ ಪಕ್ಕಪಕ್ಕಕ್ಕೆ ಹಿಡಿದು ಎರಡು ಸಲ ತಾಳೆ ನೋಡಿದಳು. ಬಳಿಕ ಅದರ ಮೂತಿಯನ್ನು ನನ್ನ ಕೈಗೆ ಕೊಟ್ಟಳು.

“ಅಪ್ಪಾ, ಈಗ ನೀನ ಹಚ್ಚು” ಎಂದಳು.